ಹೊಸ್ತಿಲ ಮೇಲಿನ ಗಂಟು

ಗೌರಕ್ಕ ಕಸದ ಬುಟ್ಟಿಯನ್ನು ಫಕೀರವ್ವನ ಕೈಗೆ ಕೊಡುವುದಿಲ್ಲ. ಕಟ್ಟೆಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಫಕೀರವ್ವ ಅದನ್ನೆತ್ತಿ ಪಂಚಾಯ್ತಿಯ ಕಸದ ಗಾಡಿಗೆ ಸುರಿದು, ಬುಟ್ಟಿಯನ್ನು ತಿರುಗಿ ಕಟ್ಟೆಯ ಮೇಲೆ ಇಡುತ್ತಾಳೆ. ಗೌರಕ್ಕ ತಂಬಿಗೆಯಿಂದ ನೀರು ಚಿಮುಕಿಸಿ ಬುಟ್ಟಿಯನ್ನು ಒಳಗೆ ಒಯ್ಯುತ್ತಾಳೆ. ಕಲಘಟಗಿ ತಾಲೂಕಿನ ಮುತ್ತಲಕೊಪ್ಪದ ಮೇಲಿನ ಓಣಿಯಲ್ಲಿ ಮೂವತ್ತೆಂಟು ಮನೆ. ಮೂವತ್ತೆಂಟು ಕಟ್ಟೆ. ದಿನವೂ ಇದೇ.

ಗಾಡಿ ನಡೆಸುವವಳು ಖಾಸಿಂಬಿ. ಮಹಿಳಾ ಸಂಘದಿಂದ ಹೋಗಿ ಗಾಡಿ ಕಲಿತು ಬಂದವಳು. ಏಳನೆಯ ಇಯತ್ತೆ ಓದಿದ್ದಾಳೆ. ಗಾಡಿಯ ಸ್ಪೀಕರಿನಲ್ಲಿ ಊರು ಸ್ವಚ್ಛವಾಗಿರಲಿ ಎಂಬ ಹಾಡು ಬರುತ್ತದೆ. ಮಾದರ ಕೇರಿಯ ಫಕೀರವ್ವ ಹಿಂದೆ ನಡೆಯುತ್ತಾಳೆ. ಕೆಲಸಕ್ಕೆ ಸೇರಿದ ದಿನ ಇಬ್ಬರನ್ನೂ ಪಂಚಾಯ್ತಿಯ ಮುಂದೆ ನಿಲ್ಲಿಸಿ, ಗಮ್‌ಬೂಟು, ಕೈಗವಸು ತೊಡಿಸಿ ಫೋಟೊ ತೆಗೆದಿದ್ದರು. ಫೋಟೊ ಪಂಚಾಯ್ತಿಯ ಗೋಡೆಯ ಮೇಲಿದೆ. ಬೂಟು, ಕೈಗವಸು ಪಂಚಾಯ್ತಿಯ ಕಪಾಟಿನಲ್ಲಿವೆ. ಕಪಾಟಿಗೆ ಕೀಲಿ ಹಾಕಿದೆ.

ಕಾರ ಹುಣ್ಣಿಮೆ ಕಳೆದ ಮಾರನೆಯ ದಿನ ಗೌರಕ್ಕನ ಬಲಗೈಯಲ್ಲಿ ಬುಟ್ಟಿ ಇತ್ತು, ಎಡಗೈಯಲ್ಲಿ ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲವಿತ್ತು. ಬುಟ್ಟಿಯನ್ನು ಕೆಳಗಿಟ್ಟಳು. ಚೀಲವನ್ನು ಇಡಲಿಲ್ಲ.

"ಅದನ್ನೂ ಕೊಡ್ರಿ ಅವ್ವಾರ. ಗಾಡಿ ಹೆಂಗೂ ನಿಂತೈತಿ."

"ಇದು ದೇವರದು ಬೇ. ನಿನ್ನ ಕೈಯಾಗ ಹೆಂಗ ಕೊಡ್ಲಿ? ನಮ್ಮ ಮಗ ಗೌರೀಶ ಹಳ್ಳಕ್ಕ ಬಿಟ್ಟು ಬರ್ತಾನ."

"ಹಳ್ಳಕ್ಕ ಬ್ಯಾಡ್ರಿ. ಹೂವು ಬ್ಯಾರೆ ಮಾಡಿ ಕೊಡ್ರಿ, ಗಿಡದ ಬುಡಕ್ಕ ಹಾಕ್ತೀನಿ. ಚೀಲ ಗಾಡಿಗೆ ಹೋಗ್ಲಿ."

"ನೀ ನನಗ ಧರ್ಮ ಹೇಳ್ತಿಯೇನ? ದೇವರದ್ದು ತುಳಿದಾಡೂ ಜಾಗಾದಾಗ ಬೀಳಬಾರದು. ಹರಿಯೂ ನೀರಾಗ ಬಿಡಬೇಕು. ನಮ್ಮತ್ತಿ ಬಿಡ್ತಿದ್ಲು. ಅವರತ್ತಿ ಬಿಡ್ತಿದ್ಲು."

ಗೌರಕ್ಕ ಕೆಟ್ಟವಳಲ್ಲ. ಹಬ್ಬಕ್ಕೆ ಫಕೀರವ್ವನಿಗೆ ಹೋಳಿಗೆ ಕೊಡುತ್ತಾಳೆ. ಹಿತ್ತಲ ಬಾಗಿಲಿಗೆ ಕರೆದು ಕೊಡುತ್ತಾಳೆ. ಕೇರಿಯವರು ಮೇಲಿನ ಓಣಿಯ ಮನೆಗಳಿಗೆ ಹೋಗುವುದು ಹಿತ್ತಲ ಬಾಗಿಲಿಗೇ. ಫಕೀರವ್ವ ಈ ಕೆಲಸದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೂ ಪಂಚಾಯ್ತಿ ಅಧ್ಯಕ್ಷೆ ಮಹಾನಂದಾಳ ಹಿತ್ತಲಿನಲ್ಲಿ, ಎಮ್ಮೆಯ ಗೋದಲಿಯ ಹತ್ತಿರ, ಬಗ್ಗಿ ನಿಂತು.

ಗೌರಕ್ಕನ ಅತ್ತೆಯ ಅತ್ತೆ ಹಳ್ಳಕ್ಕೆ ಬಿಟ್ಟದ್ದು ಬಾಡಿದ ಹೂವು, ಪತ್ರಿ, ಅರಿಷಿಣದ ದಾರ, ಒಂದು ತುಂಡು ಖಣ. ಅದನ್ನು ಮೀನು ತಿಂದವು. ಕೆಸರು ತಿಂದಿತು. ಈಗಿನ ಗಂಟಿನಲ್ಲಿ ಪ್ಲಾಸ್ಟಿಕ್ ಹೂವಿನ ಮಾಲೆ ಇರುತ್ತದೆ. ಕರ್ಪೂರದ ಡಬ್ಬಿ, ಊದಿನಕಡ್ಡಿಯ ಜರಿ ಪಾಕೀಟು, ಗಾಜಿನ ಕಟ್ಟಿನ ದೇವರ ಫೋಟೊ, ದೇವರ ಚಿತ್ರವಿರುವ ಕ್ಯಾಲೆಂಡರು, ಮದುವೆ ಕಾರ್ಡು. ಕಾರ್ಡಿನ ಮೇಲೆ ಗಣಪತಿ ಇರುತ್ತಾನೆ, ಬಸವಣ್ಣ ಇರುತ್ತಾನೆ. ಸುಡುವಂತಿಲ್ಲ, ಒಲೆಗೆ ಹಾಕುವಂತಿಲ್ಲ. ಎಲ್ಲವನ್ನೂ ಚೀಲಕ್ಕೆ ತುಂಬಿ, ದೇವರು ಚೆಲ್ಲಾಪಿಲ್ಲಿಯಾಗಬಾರದೆಂದು ಎರಡು ಗಂಟು ಬಿಗಿದು, ಸೈಕಲ್ ಮೋಟರಿನ ಮೇಲೆ ಹೋಗುತ್ತ ಸೇತುವೆಯಿಂದ ಬೀಸಿ ಒಗೆಯುತ್ತಾರೆ. ಒಗೆದ ಕೈಯನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಾರೆ. ಗಾಡಿ ನಿಲ್ಲಿಸುವುದಿಲ್ಲ.

"ಯಕ್ಕಾ," ಎಂದಳು ಖಾಸಿಂಬಿ ಗೇರು ಬದಲಿಸುತ್ತ. "ಇವರ ದೇವರಿಗೆ ಈಜು ಬರ್ತತೇನ?"

"ಸುಮ್ನ ಗಾಡಿ ಹೊಡಿ. ಕೇಳಿಸ್ಕೊಂಡಾರು."

"ಕೇಳ್ಲಿ ಬಿಡು. ಹಾಡು ಹಚ್ಚೀನಲ್ಲ."

*

ಆಷಾಢದಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಐದನೆಯ ದಿನ ಬೆಳಗಿನ ಹೊತ್ತಿಗೆ ಹಳ್ಳದ ನೀರು ಕೇರಿಯೊಳಗಿತ್ತು.

ಹಳ್ಳ ತುಂಬಿದ್ದಕ್ಕೆ ಬಂದದ್ದಲ್ಲ. ಸೇತುವೆಯ ಕೆಳಗೆ ಮೂರು ಸಿಮೆಂಟ್ ಪೈಪು. ಮೂರರ ಬಾಯಿಯೂ ಕಟ್ಟಿತ್ತು. ನೀರು ಹಿಂದಕ್ಕೆ ಒತ್ತಿಕೊಂಡು ಬಂತು. ಮೇಲಿನ ಓಣಿ ಎತ್ತರದಲ್ಲಿದೆ. ಕೇರಿ ಹಳ್ಳದ ದಂಡೆಗಿದೆ. ಯಾರು ಎಲ್ಲಿರಬೇಕೆಂದು ಎಂದೋ ಯಾರೋ ತೀರ್ಮಾನಿಸಿದ್ದರು. ನೀರಿಗೆ ಅದು ಗೊತ್ತಿತ್ತು.

ಫಕೀರವ್ವನ ಮನೆಯಲ್ಲಿ ಮೊಣಕಾಲು ಮಟ ನೀರು. ಜೋಳದ ಚೀಲ ತೊಯ್ದು ಉಬ್ಬಿತ್ತು. ಒಲೆ ಕರಗಿತ್ತು. ಗಂಡ ಕರಿಸಿದ್ದಪ್ಪ ಹೊರಸಿನ ಮೇಲೆ ಕುಳಿತಿದ್ದ. ಅವನ ಸೊಂಟ ಮುರಿದು ಮೂರು ವರ್ಷವಾಗಿತ್ತು. ಏಳಲಾರ. ಹೊರಸಿನ ಕಾಲಿಗೆ ನೀರು ಬಡಿಯುತ್ತಿತ್ತು.

"ಇನ್ನೊಂದು ಗೇಣು ಏರಿದ್ರ ನಾ ತೇಲ್ತೀನಿ ನೋಡು," ಎಂದ.

"ತೇಲೂದಿಲ್ಲ. ಮುಳುಗ್ತಿ. ನೀ ಏನ್ ಪ್ಲಾಸ್ಟಿಕ್ ಅಲ್ಲ."

ಎಂಟು ಗಂಟೆಗೆ ಸಂಗನಬಸವ ಬಂದ. ಅಧ್ಯಕ್ಷೆ ಮಹಾನಂದಾಳ ಗಂಡ. ಪಂಚಾಯ್ತಿಯ ಮೊಹರಿನ ಶಿಕ್ಕಾ ಅವನ ಅಂಗಿಯ ಕಿಸೆಯಲ್ಲಿರುತ್ತದೆ. ಹಿಂದೆ ಛತ್ರಿ ಹಿಡಿದು ಪಿಡಿಒ ಇದ್ದರು. ಇಬ್ಬರೂ ಸೇತುವೆಯ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿದರು. ಖಾಸಿಂಬಿ ಗಾಡಿ ತಂದು ನಿಲ್ಲಿಸಿದ್ದಳು. ಪೈಪುಗಳ ಬಾಯಿಗೆ ಬಿಳಿ, ಹಳದಿ, ಕೆಂಪು ಗಂಟುಗಳು ಒಂದರ ಮೇಲೊಂದು ಒತ್ತಿ ಕುಳಿತಿದ್ದವು.

"ಫಕೀರವ್ವಾ, ಇಳಿ," ಎಂದ ಸಂಗನಬಸವ.

"ಜೆಸಿಬಿ ತರಿಸ್ರಿ ಸಾವಕಾರ್ರ. ನೀರಿಗೆ ಸೆಳವು ಐತಿ."

"ಜೆಸಿಬಿ ಬಕೇಟು ಹಾಕಿದ್ರ ದೇವರ ಫೋಟೊ ಒಡೀತಾವ. ಊರಾಗ ಗದ್ದಲ ಆಗ್ತತಿ. ಕೈಲೆ ಬಿಡಿಸಬೇಕು."

"ಕೈಲೆ?"

"ಹೂಂ. ಹಗೂರಕ."

ಫಕೀರವ್ವ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

"ಮನ್ನೆ ಗೌರಕ್ಕಾರ ಕೈಯಾಗ ಇದ್ದಾಗ ಈ ಕೈ ಮುಟ್ಟಬಾರದಿತ್ತು. ಈಗ ಮುಟ್ಟಬಹುದೇನ್ರಿ?"

ಪಿಡಿಒ ಮೊಬೈಲು ತೆಗೆದು ನೋಡತೊಡಗಿದರು.

"ನೀರಿಗೆ ಬಿದ್ದಮ್ಯಾಲೆ ಮೈಲಿಗಿ ಇಲ್ಲ," ಎಂದ ಸಂಗನಬಸವ. "ವಾದ ಮಾಡಬ್ಯಾಡ. ನಿಮ್ಮ ಕೇರಿನ ಮುಳುಗಾಕತ್ತೈತಿ. ಮತ್ತ ಕೇಳಿಲ್ಲಿ, ಮ್ಯಾಲೆ ತಗೀಬ್ಯಾಡ. ಮ್ಯಾಲೆ ತಗದ್ರ ಎಲ್ಲಿ ಇಡೂದು? ಒಂದೊಂದ ಬಿಡಿಸಿ ಪೈಪಿನೊಳಗ ತಳ್ಳು. ಆ ಕಡೆ ಹೋಗ್ತಾವ."

"ಆ ಕಡೆ ಅಂದ್ರ?"

"ಬೇಡ್ತಿಗೆ. ಮುಂದ ಸಮುದ್ರಕ್ಕ. ಸಮುದ್ರ ಎಷ್ಟ ದೊಡ್ಡದೈತಿ! ಅದಕ್ಕೇನ ಗೊತ್ತಾಗ್ತತಿ?"

ಫಕೀರವ್ವ ಸೀರೆಯ ಕಚ್ಚೆ ಬಿಗಿದಳು. ಗಾಡಿಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡಳು. ಇನ್ನೊಂದು ತುದಿಯನ್ನು ಖಾಸಿಂಬಿ ಸೇತುವೆಯ ಕಲ್ಲಿಗೆ ಬಿಗಿದು ಕೈಯಲ್ಲೂ ಹಿಡಿದಳು. ಫಕೀರವ್ವ ಬೂಟು ಕೇಳಿದಳು. ಕಪಾಟಿನ ಕೀಲಿ ಕಾರ್ಕೂನನ ಹತ್ತಿರ ಇದೆ, ಕಾರ್ಕೂನ ಧಾರವಾಡಕ್ಕೆ ಹೋಗಿದ್ದಾನೆ ಎಂದರು ಪಿಡಿಒ. ಇಬ್ಬರೂ ಚಹಾ ಕುಡಿದು ಬರುತ್ತೇವೆಂದು ಹೋದರು.

*

ನೀರು ಎದೆಮಟ ಇತ್ತು. ತಣ್ಣಗಿತ್ತು. ನಾರುತ್ತಿತ್ತು. ಫಕೀರವ್ವ ಮೊದಲ ಗಂಟಿಗೆ ಕೈ ಹಾಕಿ ಜಗ್ಗಿದಳು. ಬರಲಿಲ್ಲ. ಎರಡೂ ಕೈ ಹಾಕಿದಳು. ಬಂತು. ಅದರ ಹಿಂದೆ ಒಂದು ಸತ್ತ ಕೊರವ ಮೀನು ಬಂತು. ಅದರ ಕಿವಿರಿನೊಳಗೆ ಜರಿ ಹಾರದ ಎಳೆ ಸಿಕ್ಕಿಕೊಂಡಿತ್ತು.

ಗಂಟನ್ನು ಪೈಪಿನ ಬಾಯಿಯ ಹತ್ತಿರ ಒಯ್ದಳು. ಬಿಟ್ಟರೆ ಸಾಕಿತ್ತು, ಸೆಳವೇ ಒಯ್ಯುತ್ತಿತ್ತು.

"ತಳ್ಳ ಬೇ! ತಳ್ಳಿಬಿಡು!" ಕೇರಿಯಿಂದ ಕರಿಸಿದ್ದಪ್ಪ ಕೂಗಿದ. ಬಾಗಿಲು ತೆರೆದೇ ಇತ್ತು. ಹೊರಸಿನ ಮೇಲಿಂದ ಅವನಿಗೆ ಹಳ್ಳ ಕಾಣುತ್ತಿತ್ತು.

ಫಕೀರವ್ವನ ಕೈ ನಿಂತಿತು.

ಅವರಿಬ್ಬರೂ ಎರಡು ವರ್ಷ ಸಮುದ್ರದ ದಂಡೆಯಲ್ಲಿ ದುಡಿದಿದ್ದರು. ಈ ಹಳ್ಳದ ನೀರು ಬೇಡ್ತಿ ಸೇರುತ್ತದೆ. ಬೇಡ್ತಿ ಘಟ್ಟ ಇಳಿದು ಗಂಗಾವಳಿಯಾಗುತ್ತದೆ. ಗಂಗಾವಳಿ ಸಮುದ್ರ ಸೇರುವ ಕಡೆ ದೋಣಿಗಳು ನಿಲ್ಲುತ್ತವೆ. ಅಲ್ಲಿ ಕರಿಸಿದ್ದಪ್ಪ ಬರ್ಫದ ಪೆಟ್ಟಿಗೆ ಹೊರುತ್ತಿದ್ದ, ಫಕೀರವ್ವ ಮೀನು ಆರಿಸುತ್ತಿದ್ದಳು. ಬಲೆ ಸುರಿದರೆ ಮೀನಿನಷ್ಟೇ ಚೀಲ. ಮೀನು ಬುಟ್ಟಿಗೆ, ಚೀಲ ತಿರುಗಿ ನೀರಿಗೆ. ಹಾಗೇ ಹೇಳಿಕೊಟ್ಟಿದ್ದರು. ಹಾಗೇ ಮಾಡಿದ್ದಳು. ದಿನಕ್ಕೆ ಹತ್ತು ತಾಸು ಬಗ್ಗಿ ಕುಳಿತು, ಈ ಕೈಗಳಿಂದಲೇ.

ಒಂದು ದಿನ ದಂಡೆಗೆ ಕಡಲಾಮೆ ಸತ್ತು ಬಂದು ಬಿದ್ದಿತ್ತು. ಪರಾತದಷ್ಟು ಅಗಲ. ವಾಸನೆ ಹತ್ತಿತ್ತು. ಮೀನಿನವರು ಮುಟ್ಟಲಿಲ್ಲ. "ಘಟ್ಟದ ಮೇಲಿನವರನ್ನ ಕರೀರಿ," ಎಂದಿದ್ದ ಕೂಲಿಯವರ ಮುಕಾದಮ. ಸತ್ತದ್ದನ್ನು ಎಳೆಯುವುದಕ್ಕೆ ಊರಿನಲ್ಲೂ ಅವರನ್ನೇ ಕರೆಯುತ್ತಿದ್ದರು. ಸಮುದ್ರದ ಹತ್ತಿರವೂ ಅವರನ್ನೇ ಕರೆದರು.

ದನದ ಡಾಕ್ಟರು ಬಂದು ಆಮೆಯ ಹೊಟ್ಟೆ ಕೊಯ್ದರು. ಫಕೀರವ್ವ ಬುಟ್ಟಿ ಹಿಡಿದು ನಿಂತಿದ್ದಳು. ಒಳಗಿನಿಂದ ತೆಳ್ಳಗೆ, ಬೆಳ್ಳಗೆ, ಒಂದಕ್ಕೊಂದು ಹೊಸೆದುಕೊಂಡು ಚೀಲಗಳು ಬಂದವು. ಬರುತ್ತಲೇ ಇದ್ದವು. ಬುಟ್ಟಿ ತುಂಬಿತು. ನೀರಿನಲ್ಲಿ ತೇಲುವ ಚೀಲವನ್ನು ಲೋಳೆಮೀನು ಎಂದು ತಿಳಿದು ನುಂಗುತ್ತದೆ, ಹೊಟ್ಟೆಯಲ್ಲಿ ಜಾಗ ಉಳಿಯುವುದಿಲ್ಲ, ಆಮೇಲೆ ಏನೂ ತಿನ್ನಲಾರದೆ ಸಾಯುತ್ತದೆ ಎಂದರು ಡಾಕ್ಟರು. ಬರಿ ಹೊಟ್ಟೆಯಲ್ಲಿ ಸತ್ತವರನ್ನು ಫಕೀರವ್ವ ಕಂಡಿದ್ದಳು. ಹೊಟ್ಟೆ ತುಂಬಿಕೊಂಡು ಹಸಿವಿನಿಂದ ಸತ್ತದ್ದನ್ನು ಕಂಡದ್ದು ಅಂದೇ.

ಬುಟ್ಟಿಯ ಮೇಲಿನ ಚೀಲದಲ್ಲಿ ಒಂದು ನವಿಲಿನ ಚಿತ್ರವಿತ್ತು. ಅಕ್ಷರ ಅವಳಿಗೆ ಬರುವುದಿಲ್ಲ. ನವಿಲು ಗೊತ್ತಿತ್ತು. ಕಲಘಟಗಿಯ ಸೀರೆ ಅಂಗಡಿಯದು. ಅದೇ ನವಿಲಿನ ಚೀಲದಲ್ಲಿ ಅವಳು ತನ್ನ ಅರಿವೆ ತುಂಬಿಕೊಂಡು ಘಟ್ಟ ಇಳಿದಿದ್ದಳು. ಆಮೆಯ ಹೊಟ್ಟೆಯಿಂದ ಬಂದ ಚೀಲದ ಬಾಯಿಗೆ ಎರಡು ಗಂಟು ಬಿಗಿದಿತ್ತು.

ಆಮೆಯನ್ನು ಹೂಳಲು ಕುಣಿ ತೋಡಿದ್ದು ಕರಿಸಿದ್ದಪ್ಪ. ಮುಂದೆ ಒಂದು ತಿಂಗಳಿಗೆ ಬರ್ಫದ ಪೆಟ್ಟಿಗೆ ಅವನ ಸೊಂಟದ ಮೇಲೆ ಬಿತ್ತು. ಮುಕಾದಮ ಇಬ್ಬರನ್ನೂ ಬಸ್ಸು ಹತ್ತಿಸಿ ಕಳಿಸಿದ.

ಈಗ ಅವಳ ಕೈಯಲ್ಲಿದ್ದ ಚೀಲದಲ್ಲೂ ನವಿಲಿತ್ತು.

"ತಳ್ಳ ಅಂದ್ನಲ್ಲ!" ಕರಿಸಿದ್ದಪ್ಪ ಮತ್ತೆ ಕೂಗಿದ.

"ಆಮಿ ನೆನಪೈತೇನ ನಿನಗ?" ಫಕೀರವ್ವ ಅಷ್ಟೇ ಜೋರಾಗಿ ಕೂಗಿದಳು.

ಹೊರಸಿನ ಮೇಲಿಂದ ದನಿ ಬಂತು. "ಹಂಗಾರ ಲಗೂ ಲಗೂ ಮ್ಯಾಲೆ ಒಗಿ. ನನ್ನ ಬುಡಕ್ಕ ನೀರು ಬಂತು."

ಅವಳು ಗಂಟನ್ನು ದಂಡೆಗೆ ಎಸೆದಳು.

ಆರು ತಾಸು ಹಿಡಿಯಿತು. ತಳ್ಳಿದ್ದರೆ ಒಂದು ತಾಸಿನ ಕೆಲಸ. ಗಂಟುಗಳು ಹೊರಗೆ ಕೆಸರು ಮೆತ್ತಿ ಕಲ್ಲಿನಂತಾಗಿದ್ದವು. ಕೇರಿಯ ಹೆಂಗಸರು ದಂಡೆಗೆ ಬಂದು ಕೈಯಿಂದ ಕೈಗೆ ದಾಟಿಸಿ ಗಾಡಿಗೆ ತುಂಬಿದರು. ಎರಡನೆಯ ಪೈಪಿನ ಹತ್ತಿರ ಫಕೀರವ್ವನ ಅಂಗಾಲಿಗೆ ಗಾಜು ಹೊಕ್ಕಿತು. ದೇವರ ಫೋಟೊದ ಗಾಜು. ಯಾವ ದೇವರೋ ಗೊತ್ತಾಗಲಿಲ್ಲ. ನೀರು ಕೆಂಪಗಾಯಿತು. ತಲೆಯ ಅರಿವೆ ಹರಿದು ಕಾಲಿಗೆ ಬಿಗಿದು ಮತ್ತೆ ಇಳಿದಳು. ಉಗುರು ಎರಡು ಕಿತ್ತುಬಂದವು. ಚಹಾ ಕುಡಿಯಲು ಹೋದವರು ಬರಲಿಲ್ಲ.

ಮಧ್ಯಾಹ್ನ ಮೂರನೆಯ ಪೈಪು ಬಾಯಿ ಬಿಟ್ಟಿತು. ನೀರು ಗುಡುಗುಡು ಸದ್ದು ಮಾಡಿ ಹೋಯಿತು. ಕೇರಿಯಿಂದ ನೀರು ಇಳಿಯಿತು. ಕೆಸರು ಇಳಿಯಲಿಲ್ಲ.

*

ಖಾಸಿಂಬಿ ಗಾಡಿಯ ಹಿಂದೆ ನಿಂತು ನವಿಲಿನ ಚೀಲದ ಗಂಟನ್ನು ಬಿಚ್ಚಲು ನೋಡಿದಳು. ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದಳು. ಒಳಗೆ ನೀರು ಹೋಗಿರಲಿಲ್ಲ. ಪ್ಲಾಸ್ಟಿಕ್ ಎಲ್ಲವನ್ನೂ ಬೆಚ್ಚಗೆ ಕಾದಿಟ್ಟಿತ್ತು. ಊದಿನಕಡ್ಡಿಯ ವಾಸನೆ ಕೂಡ ಹಾಗೇ ಇತ್ತು. ಮೇಲೆ ಒಂದು ಮದುವೆ ಕಾರ್ಡು. ಕಾರ್ಡಿನ ಮೇಲೆ ಪೆನ್ನಿನಿಂದ ಬರೆದ ಹೆಸರು.

ಖಾಸಿಂಬಿ ಓದಿದಳು. ಮತ್ತೊಮ್ಮೆ ಓದಿದಳು. ನಕ್ಕಳು.

"ಯಕ್ಕಾ, ಇವೆಲ್ಲಾ ವಿಳಾಸ ಇರೂ ಟಪಾಲು!"

"ಏನಂದಿ?"

"ಲಗ್ನದ ಕಾರ್ಡು ಯಾರ ಮನಿಗೆ ಬಂದಿತ್ತೋ ಅವರ ಹೆಸರು ಬರದೈತಿ. ಇದು ಗೌರಕ್ಕಂದು. ನೋಡಿಲ್ಲಿ, ಶ್ರೀಮತಿ ಗೌರಕ್ಕ, ಮ್ಯಾಲಿನ ಓಣಿ, ಮುತ್ತಲಕೊಪ್ಪ."

ಫಕೀರವ್ವ ಕಾಲು ಎಳೆಯುತ್ತ ಬಂದು ಕಾರ್ಡನ್ನು ನೋಡಿದಳು. ಅವಳಿಗೆ ಗಣಪತಿ ಮಾತ್ರ ಕಂಡ.

"ಎಲ್ಲಾದ್ರಾಗೂ ಅದಾವೇನ?"

"ಈ ವರ್ಷ ಲಗ್ನಕ್ಕ ಹೋಗದ ಮನಿ ಯಾವುದೈತಿ?"

ಇಬ್ಬರೂ ಕುಳಿತು ಒಂದೊಂದೇ ಚೀಲದ ಮೂಲೆ ಹರಿದು ನೋಡಿದರು. ಖಾಸಿಂಬಿ ಹೆಸರು ಓದಿದಳು. ಫಕೀರವ್ವ ಮನೆ ನೆನಪಿಟ್ಟುಕೊಂಡಳು. ಮೂವತ್ತೆಂಟೂ ಮನೆಗಳು ಸಿಕ್ಕವು. ಕೆಲವು ಮನೆಗಳಿಗೆ ಮೂರು, ನಾಲ್ಕು ಗಂಟು. ಸಂಗನಬಸವನ ಮನೆಯವು ಏಳು.

"ಫಕೀರಕ್ಕಾ, ಕೆಲಸ ಹೋಗ್ತತಿ," ಎಂದಳು ಖಾಸಿಂಬಿ. ಈಗ ನಗುತ್ತಿರಲಿಲ್ಲ. "ನಿನ್ನ ಗಂಡಗ ಬ್ಯಾರೆ ಯಾರೂ ದುಡಿಯೂರಿಲ್ಲ."

"ಗೊತ್ತೈತಿ."

"ನನ್ನ ಗಾಡಿನೂ ಹೋಗ್ತತಿ."

"ನೀ ಇಳಿ. ನಾ ತಲಿ ಮ್ಯಾಲೆ ಹೊತ್ಗೊಂಡ ಹೋಗ್ತೀನಿ."

ಖಾಸಿಂಬಿ ಇಳಿಯಲಿಲ್ಲ. ಕೀಲಿ ತಿರುವಿದಳು. ಹಾಡು ಹಚ್ಚಿದಳು.

ಸಂಜೆಯ ನಾಲ್ಕು ಗಂಟೆಗೆ ಕಸದ ಗಾಡಿಯ ಹಾಡು ಕೇಳಿ ಮೇಲಿನ ಓಣಿಯ ಜನ ಹೊರಗೆ ಬಂದರು. ಈ ಹೊತ್ತಿನಲ್ಲಿ ಗಾಡಿ ಬರುವುದಿಲ್ಲ. ಕೆಲವರು ರೂಢಿಯಂತೆ ಬುಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟರು.

ಫಕೀರವ್ವ ಬುಟ್ಟಿಗಳನ್ನು ಮುಟ್ಟಲಿಲ್ಲ. ಗೌರಕ್ಕನ ಮನೆಯ ಮುಂದೆ ಗಾಡಿ ನಿಂತಿತು. ನವಿಲಿನ ಚೀಲ ಹಿಡಿದುಕೊಂಡು ಕಟ್ಟೆ ಹತ್ತಿದಳು. ಅವಳು ಆ ಕಟ್ಟೆ ಹತ್ತಿದ್ದು ಅದೇ ಮೊದಲು. ಹಿಂದೆ ಕಲ್ಲಿನ ಮೇಲೆ ರಕ್ತದ ಹೆಜ್ಜೆ ಮೂಡಿತು.

"ಏಯ್, ಇಳಿ! ಎಲ್ಲಿ ಹತ್ತಾಕತ್ತಿ?"

"ನಿಮ್ಮ ದೇವರು ಬಂದಾನ್ರಿ ಅವ್ವಾರ. ಕೈಯಾಗ ತಗೋರಿ."

ಗೌರಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. "ನೀರಿಗೆ ಬಿಟ್ಟ ದೇವರನ್ನ ಮನಿಗೆ ತಿರುಗಿ ತರಬಾರದು ಬೇ! ಮನಿತನಕ್ಕ ಕೇಡು!"

"ಯಾರ ಮನಿತನಕ್ಕ್ರಿ? ನನ್ನ ಮನಿಯಾಗ ಮುಂಜಾನೆ ಮೊಣಕಾಲ ನೀರಿತ್ತು. ನನ್ನ ಗಂಡ ಹೊರಸಿನ ಮ್ಯಾಲೆ ಸಾವು ಕಾಯಾಕತ್ತಿದ್ದ. ನಿಮ್ಮ ದೇವರು ಪೈಪಿನಾಗ ಕುಂತಿದ್ದ. ತಗೋರಿ."

"ಕಟ್ಟಿ ಮ್ಯಾಲೆ ಇಡು."

"ಕಟ್ಟಿ ಮ್ಯಾಲೆ ಇಡೂದಿಲ್ಲ. ಕೈಯಾಗ."

ಗೌರಕ್ಕನ ಕೈ ಮುಂದೆ ಬರಲಿಲ್ಲ. ಫಕೀರವ್ವ ಕಾದಳು. ಓಣಿ ಪೂರ್ತಿ ನೋಡುತ್ತಿತ್ತು. ಆಮೇಲೆ ಬಗ್ಗಿ ಗಂಟನ್ನು ಹೊಸ್ತಿಲ ಮೇಲೆ, ಅರಿಷಿಣ ಕುಂಕುಮ ಹಚ್ಚಿದ ಜಾಗದಲ್ಲಿ, ಬಾಗಿಲಿನ ನಟ್ಟ ನಡುವೆ ಇಟ್ಟು ಇಳಿದಳು.

ಐದನೆಯ ಮನೆಯ ಹೊತ್ತಿಗೆ ಸಂಗನಬಸವ ಓಡಿ ಬಂದ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಲೇ, ತಲಿ ಕೆಟ್ಟೈತೇನ ನಿನಗ? ನಾಳಿಂದ ಕೆಲಸಕ್ಕ ಬರಬ್ಯಾಡ!"

"ನಾಳಿಂದ ಬರೂದಿಲ್ಲ. ಇವತ್ತಿಂದು ಮುಗಿಸಿ ಹೋಗ್ತೀನಿ. ನಿಮ್ಮವು ಏಳದಾವ. ಬಾಗಲ ಅಗಲ ಐತಿ, ಹಿಡಿಸ್ತಾವ."

ಅವಳನ್ನು ಹಿಡಿದು ತಡೆಯಬೇಕೆಂದರೆ ಮುಟ್ಟಬೇಕು. ಅವಳ ಮೈಯೆಲ್ಲ ಹಳ್ಳದ ಕೆಸರು. ಸಂಗನಬಸವ ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಫಕೀರವ್ವ ಅವನ ಬಾಜುವಿನಿಂದ ಆರನೆಯ ಮನೆಗೆ ನಡೆದಳು.

*

ಮಾರನೆಯ ಬೆಳಿಗ್ಗೆ ಗಾಡಿಯ ಹಾಡು ಬರಲಿಲ್ಲ. ಗಂಟುಗಳು ಹೊಸ್ತಿಲ ಮೇಲೆಯೇ ಇದ್ದವು.

ಎತ್ತಿ ಒಳಗೆ ಒಯ್ಯುವಂತಿರಲಿಲ್ಲ. ಫಕೀರವ್ವ ಮುಟ್ಟಿದ್ದಳು, ನೀರಿಗೆ ಬಿಟ್ಟದ್ದು ಬೇರೆ. ಕಸಬರಿಗೆಯಿಂದ ತಳ್ಳುವಂತಿರಲಿಲ್ಲ. ದೇವರು. ಕಾಲಿನಿಂದ ಸರಿಸುವಂತಿರಲಿಲ್ಲ. ದಾಟಿ ಹೋಗುವಂತೆಯೂ ಇರಲಿಲ್ಲ. ದೇವರನ್ನು ದಾಟುತ್ತಾರೆಯೇ? ಹಳ್ಳಕ್ಕೆ ಒಗೆಯೋಣವೆಂದು ಇಬ್ಬರು ಹೋಗಿ ನೋಡಿ ಬಂದರು. ಸೇತುವೆಯ ಮೇಲೆ ಕೇರಿಯ ಹೆಂಗಸರು ಗೊಬ್ಬರದ ಚೀಲ ತಲೆಗೆ ಹೊದ್ದು ಸಾಲಾಗಿ ಕುಳಿತಿದ್ದರು. ಅವರ ನಡುವೆ ಖಾಸಿಂಬಿ ಕುಳಿತು ಶೇಂಗಾ ತಿನ್ನುತ್ತಿದ್ದಳು.

ಮೇಲಿನ ಓಣಿಯ ಮೂವತ್ತೆಂಟು ಮನೆಯ ಜನ ಹಿತ್ತಲ ಬಾಗಿಲಿನಿಂದ ತಿರುಗಾಡತೊಡಗಿದರು. ಹಾಲಿನವ ಹಿತ್ತಲಿಗೆ ಬಂದ. ಅಯ್ಯನವರು ಹಿತ್ತಲಿಗೆ ಬಂದರು. ಬೀಗರು ಬಂದವರು ತಿಪ್ಪೆ ಸುತ್ತಿ, ಎಮ್ಮೆಯ ಬಾಲ ಸರಿಸಿ, ತಲೆ ಬಗ್ಗಿಸಿ ಒಳಗೆ ಹೋದರು. ಗೌರಕ್ಕನಿಗೆ ಮೊಣಕಾಲು ನೋವು. ಹಿತ್ತಲ ಮೆಟ್ಟಿಲು ಎತ್ತರ. ಅವಳು ಒಳಗೇ ಉಳಿದಳು.

ಮೂರನೆಯ ದಿನ ಮಧ್ಯಾಹ್ನ ಸಂಗನಬಸವ ಕೇರಿಯ ಬಾಯಿಗೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ. ಫಕೀರವ್ವ ಬಾಗಿಲ ಮುಂದೆ ಕುಳಿತು ಹೊಸ ಒಲೆಗೆ ಮಣ್ಣು ಕಲಸುತ್ತಿದ್ದಳು. ಬಾತ ಕಾಲನ್ನು ಮುಂದೆ ಚಾಚಿದ್ದಳು.

"ಫಕೀರವ್ವಾ. ಆತು ಬಿಡು. ಸಿಟ್ಟಿನಾಗ ಅಂದ್ನಿ. ನಾಳಿಂದ ಕೆಲಸಕ್ಕ ಬಾ. ಬಂದು ಅವನ್ನ ಎತ್ತಿ ಒಯ್ಯಿ."

"ಎಲ್ಲಿಗೆ?"

ಅವನು ಆಚೀಚೆ ನೋಡಿದ. "ಎಲ್ಲಿಗಾದ್ರೂ."

"ಎಲ್ಲಿಗಾದ್ರೂ ಅನ್ನೂ ಊರು ಇಲ್ರಿ ಸಾವಕಾರ್ರ. ಐತಿ ಅಂತ ನೀವು ತಿಳ್ಕೊಂಡೀರಿ. ನಾ ಅಲ್ಲಿ ಎರಡು ವರ್ಷ ದುಡದು ಬಂದೀನಿ. ಅಲ್ಲೂ ಇದನ್ನ ಬಳಿಯೂರು ನಾವ."

"ಮತ್ತೇನ ಮಾಡೂಣು ಅಂತಿ?"

ಫಕೀರವ್ವ ಮಣ್ಣಿನಿಂದ ಕೈ ತೆಗೆದಳು. "ಕಟ್ಟಿದ ಕೈಲೆ ಗಂಟು ಬಿಚ್ಚಬೇಕು. ನಿಮ್ಮ ನಿಮ್ಮ ಹೊಸ್ತಿಲದಾಗ ಕುಂತು ಹೂವು ಬ್ಯಾರೆ, ಗಾಜು ಬ್ಯಾರೆ, ಪ್ಲಾಸ್ಟಿಕ್ ಬ್ಯಾರೆ ಮಾಡಬೇಕು. ಆಮ್ಯಾಲೆ ನನ್ನ ಕೈಯಾಗ ಕೊಡಬೇಕು. ಕಟ್ಟಿ ಮ್ಯಾಲೆ ಅಲ್ಲ."

"ಅದು ಆಗೂ ಮಾತಲ್ಲ," ಎಂದ ಸಂಗನಬಸವ. "ಗೌರಕ್ಕನಂಥಾ ಹಿರೇ ಮನಷ್ಯಾಳು ನಿನ್ನ ಕೈಯಾಗ... ಅದು ಎಂದೂ ಆಗೂದಿಲ್ಲ."

"ಬ್ಯಾಡ ಬಿಡ್ರಿ." ಫಕೀರವ್ವ ಮತ್ತೆ ಮಣ್ಣಿಗೆ ಕೈ ಹಾಕಿದಳು. "ಹಿತ್ತಲ ಬಾಗಲ ರೂಢಿ ಮಾಡ್ಕೋರಿ. ನಮಗೆಲ್ಲಾ ರೂಢಿ ಐತಿ. ಏನೂ ತ್ರಾಸಿಲ್ಲ. ಬಾಗಲ ಸಣ್ಣದಿರ್ತತಿ, ತಲಿ ಒಂದೀಟ ಬಗ್ಗಸಬೇಕಾಗ್ತತಿ. ಅಷ್ಟ."